ಐದು ಅಡಿ ನಳಿಗೆ ಯಾಕಿಲ್ಲ?

ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ‘ಎನ್‌ಸಿಸಿ ಬಿ ಸರ್ಟಿಫಿಕೇಟ್, ರೈಫಲ್ ಶೂಟಿಂಗ್‌ನಲ್ಲಿ ಆಸಕ್ತಿ’ ಎಂದು ಬರೆದುಕೊಂಡಿದ್ದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎಂಟು ತಿಂಗಳಾಗಿತ್ತು. ಅದು ನನ್ನ ಐದನೇ ಸಂದರ್ಶನ. ಮೇಜಿನ ಆಚೆ ಕೂತಿದ್ದ ಹಿರಿಯರೊಬ್ಬರು ಮಿಕ್ಕಿದ್ದೆಲ್ಲ ಬಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟರು.

‘ರೈಫಲ್ಲಿನ ಬ್ಯಾರಲ್ ಅಷ್ಟುದ್ದ ಯಾಕಿರುತ್ತಪ್ಪಾ?’

‘ಉದ್ದ ಇದ್ದಷ್ಟೂ ಗುರಿ ಚೆನ್ನಾಗಿ ಸಿಗುತ್ತೆ ಸರ್.’

‘ಹಾಗಾದ್ರೆ ಐದು ಅಡಿ ಯಾಕೆ ಮಾಡಲ್ಲ?’

ನನ್ನ ಬಾಯಿ ಕಟ್ಟಿತು. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ ‘ಥ್ಯಾಂಕ್ಯೂ’ ಅಂದರು. ಕೆಲಸ ಸಿಗಲಿಲ್ಲ.

ನಮ್ಮದು ಮಲೆನಾಡು. ಅಜ್ಜನ ಕಾಲದ ಒಂಟಿ ನಳಿಗೆ ಕೋವಿಯನ್ನು ನೋಡುತ್ತಲೇ ಬೆಳೆದವನು ನಾನು. ಕಾಲೇಜಿನಲ್ಲಿ ಪಾಯಿಂಟ್ 22 ರೈಫಲ್ ಹಿಡಿದು 25 ಮೀಟರ್ ದೂರಕ್ಕೆ ಗುಂಡು ಹೊಡೆದಿದ್ದೇನೆ. ಆದರೂ ನಳಿಗೆ ಇಷ್ಟೇ ಉದ್ದ ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ರಾತ್ರಿ ಟೆಕ್ಸಸ್‌ನಲ್ಲಿರುವ ನಮ್ಮ ಭಾವನಿಗೆ ಫೋನ್ ಮಾಡಿದೆ. ಅಲ್ಲಿ ಎಫ್-ಕ್ಲಾಸ್ ಎಂಬ ದೂರ ಗುರಿಯ ಸ್ಪರ್ಧೆಗೆ ಹೋಗುವುದು ಅವರ ವಾರಾಂತ್ಯದ ಹುಚ್ಚು. ಹೊಸ ರೈಫಲ್ ಕಟ್ಟಿಸಲು 24 ಇಂಚಿನ ನಳಿಗೆಯೋ, 30 ಇಂಚಿನದೋ ಎಂದು ಅವರೂ ಅದೇ ವಾರ ತಲೆ ಕೆಡಿಸಿಕೊಂಡಿದ್ದರು.

‘ಮೊದಲು ಒಂದು ತಿಳ್ಕೋ ಮಾರಾಯ. ಉದ್ದಕ್ಕೂ ನಿಖರತೆಗೂ ನೇರ ಸಂಬಂಧ ಇಲ್ಲ. ಉದ್ದ ಕೊಡೋದು ವೇಗ’ ಅಂದರು ಭಾವ.

ಮದ್ದು ಉರಿದು ಅನಿಲವಾಗಿ ಗುಂಡನ್ನು ಹಿಂದಿನಿಂದ ದೂಡುತ್ತದೆ. ಗುಂಡು ನಳಿಗೆಯೊಳಗೆ ಇರುವಷ್ಟು ಹೊತ್ತು ಈ ದೂಡುವಿಕೆ ಇರುತ್ತದೆ. ಆದರೆ ಗುಂಡು ಮುಂದೆ ಹೋದಂತೆ ಹಿಂದಿನ ಜಾಗ ಹಿಗ್ಗಿ ಒತ್ತಡ ಇಳಿಯುತ್ತದೆ. ಹಾಗಾಗಿ ಮೊದಲ ಇಂಚುಗಳು ಕೊಟ್ಟಷ್ಟು ವೇಗವನ್ನು ಕೊನೆಯ ಇಂಚುಗಳು ಕೊಡುವುದಿಲ್ಲ. ಭಾವ ಬಳಸುವ ಪಾಯಿಂಟ್ 308 ಗುಂಡು 24 ಇಂಚಿನ ನಳಿಗೆಯಿಂದ ಸೆಕೆಂಡಿಗೆ ಸುಮಾರು 790 ಮೀಟರ್ ವೇಗದಲ್ಲಿ ಹೊರಡುತ್ತದೆ. ಅಲ್ಲಿಂದ ಮುಂದೆ ಒಂದೊಂದು ಇಂಚಿಗೆ ಸಿಗುವುದು ಆರೇಳು ಮೀಟರ್ ಮಾತ್ರ. ಆರು ಇಂಚು ಸೇರಿಸಿದರೆ ಹೆಚ್ಚೆಂದರೆ 40 ಮೀಟರ್.

ಇಷ್ಟಕ್ಕೆ ಯಾಕೆ ಇಷ್ಟು ಯೋಚನೆ? ಅವರ ಗುರಿ ಇರುವುದು 1000 ಗಜ, ಅಂದರೆ 914 ಮೀಟರ್ ದೂರದಲ್ಲಿ. ಅಲ್ಲಿಗೆ ತಲುಪಲು ಗುಂಡಿಗೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬೇಕು. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಅಷ್ಟರಲ್ಲಿ ಅದನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ಸರಿಸಿರುತ್ತದೆ. ಹತ್ತು ಅಂಕದ ವೃತ್ತದ ವ್ಯಾಸ ಬರೀ 25 ಸೆಂ.ಮೀ. ಆ 40 ಮೀಟರ್ ವೇಗ ಹೆಚ್ಚಾದರೆ ಗಾಳಿಯ ಸರಿತ 15 ಸೆಂ.ಮೀ. ಆಸುಪಾಸು ಕಡಿಮೆಯಾಗುತ್ತದೆ. ಇನ್ನೊಂದು ಕಾರಣವೂ ಇದೆ. ಗುಂಡಿನ ವೇಗ ಶಬ್ದದ ವೇಗಕ್ಕೆ ಇಳಿಯುವ ಹೊತ್ತಿಗೆ ಕೆಲವು ಗುಂಡುಗಳು ಓಲಾಡುತ್ತವೆ. ಅದಕ್ಕೂ ಮುಂಚೆ ಗುರಿ ಮುಟ್ಟಬೇಕೆಂದರೆ ಹೊರಡುವಾಗಲೇ ವೇಗ ಇರಬೇಕು.

‘ಹಾಗಾದ್ರೆ 30 ಇಂಚೇ ಹಾಕಿಸಿ ಭಾವ’ ಅಂದೆ.

‘ತಡಿ. ನೀನು ಓದಿದ್ದನ್ನೇ ಕೇಳ್ತೀನಿ. ಒಂದು ತುದಿಯಲ್ಲಿ ಮಾತ್ರ ಹಿಡಿದ ಉಕ್ಕಿನ ಕಂಬಿ ಅಂದ್ರೆ ಏನು?’

ಕ್ಯಾಂಟಿಲೀವರ್! ಎರಡನೇ ವರ್ಷದಲ್ಲಿ ಬಾಯಿಪಾಠ ಮಾಡಿದ್ದು. ತುದಿಗೆ ಅದೇ ಬಲ ಬಿದ್ದರೂ ಬಾಗುವಿಕೆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಅದೇ ದಪ್ಪದ ನಳಿಗೆಯನ್ನು 24 ಇಂಚಿನಿಂದ 30ಕ್ಕೆ ಬೆಳೆಸಿದರೆ ಬಾಗುವಿಕೆ ಹೆಚ್ಚುಕಡಿಮೆ ಎರಡು ಪಟ್ಟು. ಗುಂಡು ಹಾರುವಾಗ ನಡುಗುವುದು ಇದೇ ಕಂಬಿ. ದಪ್ಪ ಮಾಡಿ ಬಿಗಿ ತರೋಣ ಎಂದರೆ ತೂಕ ಅಡ್ಡ ಬರುತ್ತದೆ. ಭಾವ ಸ್ಪರ್ಧಿಸುವ ಎಫ್‌ಟಿಆರ್ ವಿಭಾಗದಲ್ಲಿ ದುರ್ಬೀನು, ಮುಂದಿನ ಎರಡು ಕಾಲಿನ ಆಸರೆ ಎಲ್ಲ ಸೇರಿ ರೈಫಲ್ 8.25 ಕೆ.ಜಿ. ಮೀರುವಂತಿಲ್ಲ. ಆರು ಇಂಚು ನಳಿಗೆಯೇ ಅರ್ಧ ಕೆ.ಜಿ. ಹತ್ತಿರ ತಿಂದುಬಿಡುತ್ತದೆ.

ಎಲ್ಲ ಕೂಡಿಸಿ ಕಳೆದು ಭಾವ 30 ಇಂಚನ್ನೇ ಆರಿಸಿದರು. ನೆಲದ ಮೇಲೆ ಮಲಗಿ, ಒಂದೇ ಜಾಗದಿಂದ ಗುರಿ ಇಡುವವರಿಗೆ ಅದು ಸರಿ. ಅವರ ಗೆಳೆಯನದು ಬೇರೆ ಬಗೆಯ ಸ್ಪರ್ಧೆ. ಗೋಡೆ, ಏಣಿ, ಡ್ರಮ್ಮಿನ ಮೇಲೆ ರೈಫಲ್ ಇಟ್ಟು, ಗಡಿಯಾರ ಓಡುತ್ತಿರುವಾಗಲೇ ಜಾಗ ಬದಲಿಸುತ್ತಾ ಹೊಡೆಯಬೇಕು. ಆತ 26 ಇಂಚು ಹಾಕಿಸಿದ. ಇನ್ನು ನೂರು, ಇನ್ನೂರು ಗಜದ ಬೆಂಚ್‌ರೆಸ್ಟ್ ಸ್ಪರ್ಧಿಗಳಂತೂ ಒಂದೇ ತೂತಿನಲ್ಲಿ ಐದು ಗುಂಡು ತೂರಿಸುವಂಥವರು. ಅವರ ನಳಿಗೆ ಗಿಡ್ಡ, ದಪ್ಪ. 21, 22 ಇಂಚಿನದು. ನಿಖರತೆ ಉದ್ದದಿಂದಲೇ ಬರುವುದಾಗಿದ್ದರೆ ಇವರು ಸೋಲಬೇಕಿತ್ತು.

ಕೊನೆಗೆ ನನ್ನ ಎನ್‌ಸಿಸಿ ರೈಫಲ್ಲಿಗೆ ಬಂದೆವು. ಪಾಯಿಂಟ್ 22 ಗುಂಡಿನಲ್ಲಿ ಮದ್ದು ಚಿಟಿಕೆಯಷ್ಟು. 16ರಿಂದ 20 ಇಂಚಿನೊಳಗೆ ಅದರ ಶಕ್ತಿ ತೀರುತ್ತದೆ. ಮುಂದಿನ ಇಂಚುಗಳಲ್ಲಿ ಬರೀ ಘರ್ಷಣೆ, ವೇಗ ಕಡಿಮೆಯಾದರೂ ಆದೀತು. ಮತ್ತೆ ಆ ರೈಫಲ್ಲುಗಳ ನಳಿಗೆ ಯಾಕೆ ಉದ್ದ? ದುರ್ಬೀನು ಇಲ್ಲದೆ ಗುರಿ ಇಡುವಾಗ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಅಂತರ ಹೆಚ್ಚಿದ್ದರೆ ಕಣ್ಣಿನ ತಪ್ಪು ಕಡಿಮೆಯಾಗುತ್ತದೆ. ಮುಂಭಾಗದ ಭಾರದಿಂದ ಕೈ ಅಲುಗುವುದೂ ಕಡಿಮೆ. ಈಗಿನ ಕೆಲವು ಸ್ಪರ್ಧಾ ರೈಫಲ್ಲುಗಳಲ್ಲಿ ನಳಿಗೆಯನ್ನೇ ಗಿಡ್ಡ ಮಾಡಿ, ತುದಿಗೆ ಹಗುರ ಕೊಳವೆ ಸೇರಿಸಿ, ಅದರ ಮೇಲೆ ಸೈಟ್ ಕೂರಿಸುತ್ತಾರೆ.

ಅಂದರೆ ‘ಗುರಿ ಚೆನ್ನಾಗಿ ಸಿಗುತ್ತೆ’ ಎಂಬ ನನ್ನ ಉತ್ತರ ಪೂರ್ತಿ ಸುಳ್ಳಾಗಿರಲಿಲ್ಲ. ಯಾಕೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಸಂದರ್ಶಕರು ನನ್ನ ಬಂದೂಕಿನ ಜ್ಞಾನ ಪರೀಕ್ಷಿಸುತ್ತಿರಲಿಲ್ಲ. ಅನಿಲದ ಒತ್ತಡ, ಕ್ಯಾಂಟಿಲೀವರ್, ಘರ್ಷಣೆ ಎಲ್ಲವನ್ನೂ ನಾಲ್ಕು ವರ್ಷ ಓದಿದ ಹುಡುಗ ಅವನ್ನು ತಾನೇ ಹಿಡಿದ ವಸ್ತುವಿಗೆ ಹೊಂದಿಸಬಲ್ಲನೇ ಎಂದು ನೋಡುತ್ತಿದ್ದರು.

ಗೆಳೆಯರೇ, ಸಂದರ್ಶನಕ್ಕೆ ಹೊರಡುವ ಹಿಂದಿನ ರಾತ್ರಿ ನಿಮ್ಮ ರೆಸ್ಯೂಮೆಯ ಒಂದೊಂದು ಸಾಲಿಗೂ ‘ಯಾಕೆ?’ ಎಂದು ಮೂರು ಸಲ ಕೇಳಿಕೊಳ್ಳಿ. ಮೂರನೆಯದಕ್ಕೆ ಉತ್ತರ ಇಲ್ಲದ ಸಾಲಿದ್ದರೆ ಕಲಿಯಿರಿ, ಇಲ್ಲವೇ ಅಳಿಸಿ. ನಾನು ಹಾಗೆ ಮೂರು ಸಾಲು ಅಳಿಸಿದ್ದೇನೆ. ಶೂಟಿಂಗ್‌ನ ಸಾಲನ್ನು ಉಳಿಸಿಕೊಂಡಿದ್ದೇನೆ. ಮುಂದಿನ ವಾರ ಆರನೇ ಸಂದರ್ಶನ. ಯಾರಾದರೂ ಅದರ ಮೇಲೆ ಬೆರಳಿಡಲಿ ಎಂದು ಕಾಯುತ್ತಿದ್ದೇನೆ.