ಪೊರೆ ಬಲಿಯುವವರೆಗೆ ಕಾಯಬೇಕಿಲ್ಲ

‘ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಸಿದರಾಯ್ತು’ ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಒಂದು ಕಾಲಕ್ಕೆ ಅದು ವಿವೇಕದ ಮಾತೇ ಆಗಿತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ದೃಷ್ಟಿ ಕೊಟ್ಟ ಆ ದಶಕಗಳಲ್ಲಿ ಮಬ್ಬಾದ ಮಸೂರವನ್ನು ತೆಗೆಯುತ್ತಿದ್ದರೇ ಹೊರತು ಅದರ ಜಾಗಕ್ಕೆ ಇನ್ನೊಂದನ್ನು ಕೂರಿಸುವ ರೂಢಿ ನಮ್ಮಲ್ಲಿ ಬಂದಿರಲಿಲ್ಲ. ಸುಮಾರು +10 ಪವರಿನ ದಪ್ಪ ಕನ್ನಡಕ ಹಾಕಿದರೆ ಎಲ್ಲವೂ ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿತ್ತು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಎರಡರ ಬಿಂಬಗಳು ಕೂಡಿಕೊಳ್ಳುತ್ತಿರಲಿಲ್ಲ. ಹೀಗಾಗಿ ಕಾಯುವುದೇ ಲೇಸಾಗಿತ್ತು. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿಗೆ ಕೃತಕ ಮಸೂರ ಕೂರಿಸಿದರು. ಅದು ಮುಂದೆ ಎಲ್ಲೆಡೆ ಬಳಕೆಗೆ ಬಂದು, ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ ಗಾಯ 3 ಮಿ.ಮೀ. ಆಸುಪಾಸಿಗೆ ಇಳಿದ ಮೇಲೆ ಕಾಯಲು ಇದ್ದ ಕಾರಣವೇ ಹೋಯಿತು.

ಕಾದರೆ ಪೊರೆ ತಾನಾಗಿ ಕರಗೀತೇ? ಇಲ್ಲ. ಮಸೂರದ ನಡುವಿನ ಪ್ರೋಟೀನುಗಳು ನಾವು ಹುಟ್ಟುವ ಮೊದಲೇ ತಯಾರಾದವು. ದೇಹ ಅವನ್ನು ಬದಲಿಸುವುದಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಬಿಸಿಲಿನ ಅತಿನೇರಳೆ ಕಿರಣಗಳಿಂದ ಕೆಟ್ಟು ಗಂಟುಗಟ್ಟಿದ ಪ್ರೋಟೀನನ್ನು ಮತ್ತೆ ತಿಳಿಯಾಗಿಸುತ್ತದೆಂದು ಸಾಬೀತಾದ ಹನಿ ಔಷಧಿ ಈವರೆಗೆ ಇಲ್ಲ. ಬ್ಯಾಡಗಿ ಪೇಟೆಯ ಮೆಣಸಿನಕಾಯಿ ದೂಳಿನಿಂದ ಪೊರೆ ಬರುತ್ತದೆಯೇ ಎಂಬ ಅನುಮಾನ ಸಹಜ. ಆ ಉರಿ ಕಣ್ಣಿನ ಹೊರಮೈಯದು, ಮಸೂರ ಇರುವುದು ಪಾಪೆಯ ಹಿಂದೆ. ದೂಳು ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಉರಿ ತಣಿಯಲೆಂದು ವೈದ್ಯರ ಚೀಟಿಯಿಲ್ಲದೆ ಕೊಂಡ ಸ್ಟಿರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಪೊರೆಯೂ ಬಂದೀತು, ಕಣ್ಣಿನ ಒತ್ತಡವೂ ಏರೀತು.

ಹಾಗೆಂದು ಮಬ್ಬು ಕಂಡ ಕೂಡಲೇ ಕತ್ತರಿ ಹಾಕಬೇಕೆಂದಲ್ಲ. ರಾಣೆಬೆನ್ನೂರಿನ ಹೊಲದಲ್ಲಿ ಹತ್ತಿ ಬಿಡಿಸಲು, ಹಾವೇರಿಯ ಬಸ್ಸಿನ ಬೋರ್ಡು ಓದಲು ತೊಡಕಾದಾಗ ಅದೇ ಸರಿಯಾದ ಸಮಯ. ‘ಆಪರೇಷನ್ ಆದವರಿಗೂ ಮತ್ತೆ ಮಂಜಾಯಿತಲ್ಲ’ ಎನ್ನುವವರಿದ್ದಾರೆ. ಅದು ಪೊರೆ ಮರಳಿದ್ದಲ್ಲ, ಮಸೂರದ ಹಿಂದಿನ ತೆಳುಚೀಲ ಮಸುಕಾದದ್ದು. ಲೇಸರಿನಿಂದ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ. ಸಕ್ಕರೆ ಕಾಯಿಲೆ ಅಕ್ಷಿಪಟವನ್ನು ಹಾಳುಮಾಡಿದ್ದರೆ ಮಾತ್ರ ಪೊರೆ ತೆಗೆದರೂ ಪೂರ್ಣ ದೃಷ್ಟಿ ಬರಲಿಕ್ಕಿಲ್ಲ; ಬೇಗ ತೋರಿಸಿಕೊಳ್ಳಲು ಅದೂ ಒಂದು ಕಾರಣ. ಖರ್ಚಿಗೆ ಹೆದರುವವರಿಗೆ 1976ರಿಂದ ನಡೆದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಉಚಿತ ಶಸ್ತ್ರಚಿಕಿತ್ಸೆ ಉಂಟು. ಅತಿಯಾಗಿ ಬಲಿತ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯನ್ನು ಕಷ್ಟಗೊಳಿಸುತ್ತದೆ. ಒಮ್ಮೊಮ್ಮೆ ಅದರ ಪ್ರೋಟೀನು ಸೋರಿ ಒತ್ತಡ ಏರಿ ದೃಷ್ಟಿನರ ಸಾಯುತ್ತದೆ. ಮಸೂರವನ್ನು ಬದಲಿಸಬಹುದು, ಸತ್ತ ನರವನ್ನು ಯಾವ ವೈದ್ಯರೂ ಬದಲಿಸಲಾರರು.