ಚಳಿಗಾಲಕ್ಕೆ ಊರು ಬಿಡುವ ಹಕ್ಕಿ ನಮ್ಮದು ಹೇಗಾದೀತು?

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ಪುಟ್ಟ ಗುಡ್ಡಗಾಡು ರಾಜ್ಯ. ಅಲ್ಲಿನ ರಾಜ್ಯಪಕ್ಷಿಯ ಆಯ್ಕೆ ಸಲೀಸಾಗಿ ಆಗಲಿಲ್ಲ. ಹರ್ಮಿಟ್ ಥ್ರಷ್ ಎಂಬ ಹಾಡುಹಕ್ಕಿಯ ಹೆಸರು ಮುಂದೆ ಬಂದಾಗ, ಅದು ಅಪ್ಪಟ ವರ್ಮಾಂಟಿನದಲ್ಲ ಎಂದು ತಕರಾರು ಎದ್ದಿತು. ಚಳಿಗಾಲ ಬಂತೆಂದರೆ ರಾಜ್ಯ ಬಿಟ್ಟು ಹೋಗುವ ಹಕ್ಕಿ ಇದೊಂದೇ ಎಂಬುದು ವಿರೋಧಿಗಳ ವಾದ. ಹಿಮದ ಕಾಲದಲ್ಲಿ ಜೊತೆಗಿರದವರು ನಮ್ಮವರು ಹೇಗಾದಾರು?

ರಾಜ್ಯಕ್ಕೊಂದು ಹಕ್ಕಿ ಬೇಕೆಂಬ ಹುರುಪು ದೇಶಕ್ಕೆಲ್ಲ ಹಬ್ಬಿದ್ದು 1920ರ ದಶಕದಲ್ಲಿ, ಬಹುಮಟ್ಟಿಗೆ ಮಹಿಳಾ ಸಂಘಗಳ ಒತ್ತಾಯದಿಂದ. 1927 ಒಂದೇ ವರ್ಷದಲ್ಲಿ ಅಲಬಾಮ, ಫ್ಲಾರಿಡಾ, ಟೆಕ್ಸಸ್, ಮಿಸೌರಿ, ಮೇನ್ ಎಲ್ಲವೂ ತಂತಮ್ಮ ಹಕ್ಕಿಯನ್ನು ಗೊತ್ತುಮಾಡಿಕೊಂಡವು. ವರ್ಮಾಂಟಿನ ತೀರ್ಮಾನ 1941ರವರೆಗೆ ಎಳೆಯಿತು.

ಎಳೆದದ್ದರಲ್ಲಿ ಆಶ್ಚರ್ಯವಿಲ್ಲ. ಆ ಕಾಲದ ವರ್ಮಾಂಟಿನ ಕೆಳಮನೆಯಲ್ಲಿ ಪ್ರತಿ ಊರಿಗೂ ಒಬ್ಬ ಪ್ರತಿನಿಧಿ. ದೊಡ್ಡ ನಗರ ಬರ್ಲಿಂಗ್‌ಟನ್‌ಗೂ ಒಂದೇ ಸೀಟು, ಗುಡ್ಡದ ಸಂದಿಯ ಹತ್ತಾರು ಮನೆಗಳ ಹಳ್ಳಿಗೂ ಒಂದೇ. ಈ ಪದ್ಧತಿ 1965ರವರೆಗೂ ನಡೆಯಿತು. ಅಂಥ ಸಭೆಯಲ್ಲಿ ಬಜೆಟ್ಟಿನ ಬಗ್ಗೆ ಬಾಯಿ ಬಿಡದವರೂ ಹಕ್ಕಿಯ ಬಗ್ಗೆ ಒಂದು ಮಾತಾಡದೆ ಬಿಟ್ಟಾರೆಯೇ?

ಥ್ರಷ್‌ಗೆ ಎದುರಾಗಿ ನಿಂತದ್ದು ಎರಡು ಹಕ್ಕಿ: ಬ್ಲೂ ಜೇ ಮತ್ತು ಕಾಗೆ. ಹೌದು, ಕಾಗೆಯೇ. ನಮ್ಮಲ್ಲಿ ಪಿತೃಪಕ್ಷದ ಹದಿನೈದು ದಿನ ಮಾತ್ರ ಮರ್ಯಾದೆ ಪಡೆಯುವ ಕುಲಕ್ಕೆ ಅಲ್ಲಿ ರಾಜ್ಯಲಾಂಛನವಾಗುವ ಅವಕಾಶವೇ ಒದಗಿತ್ತು. ಹಿಮದಲ್ಲೂ ಕಣ್ಣಿಗೆ ಬೀಳುವವು, ಊರಿನ ಕಷ್ಟದಲ್ಲಿ ಪಾಲುಗೊಳ್ಳುವವು ಎಂಬುದೇ ಅವುಗಳ ಅರ್ಹತೆ.

ಈ ವಾದ ಓದಿದರೆ ಈಗಲೂ ರೇಗುತ್ತದೆ. ಚಳಿಗಾಲಕ್ಕೆ ವರ್ಮಾಂಟ್ ಬಿಡುವ ಹಕ್ಕಿ ಒಂದೇ ಎಂಬುದೇ ಶುದ್ಧ ಸುಳ್ಳು. ಬೇಸಿಗೆಯಲ್ಲಿ ಅಲ್ಲಿ ಗೂಡು ಕಟ್ಟುವ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ದಕ್ಷಿಣಕ್ಕೆ ಹೋಗುವಂಥವೇ. ಹುಲ್ಲುಗಾವಲಿನ ಬಾಬೊಲಿಂಕ್ ದಕ್ಷಿಣ ಅಮೆರಿಕದವರೆಗೆ ಹಾರುತ್ತದೆ. ಅದಕ್ಕೆ ಹೋಲಿಸಿದರೆ ಹರ್ಮಿಟ್ ಥ್ರಷ್ ಮನೆಬಿಟ್ಟದ್ದೇ ಕಡಿಮೆ. ಹತ್ತಿರದ ಬಳಗದ ಥ್ರಷ್‌ಗಳೆಲ್ಲ ಚಳಿಗಾಲಕ್ಕೆ ಉಷ್ಣವಲಯ ಸೇರಿದರೆ, ಇದು ಹೆಚ್ಚಾಗಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೇ ಉಳಿಯುತ್ತದೆ. ಇನ್ನು ‘ನಿಷ್ಠಾವಂತ’ ಬ್ಲೂ ಜೇ? ಶರತ್ಕಾಲದಲ್ಲಿ ಮಹಾಸರೋವರಗಳ ದಂಡೆಯುದ್ದಕ್ಕೂ ಅವು ಸಾವಿರಗಟ್ಟಲೆ ವಲಸೆ ಹೋಗುವುದನ್ನು ಪಕ್ಷಿವೀಕ್ಷಕರು ಎಣಿಸುತ್ತಾರೆ. ಉತ್ತರದ ಕಾಗೆಗಳೂ ಒಂದಷ್ಟು ಕೆಳಕ್ಕೆ ಸರಿಯುತ್ತವೆ.

ಊರು ಬಿಟ್ಟವರ ಲೆಕ್ಕ ತೆಗೆದರೆ ಮನುಷ್ಯರೂ ಪಾರಾಗುವುದಿಲ್ಲ. 19ನೇ ಶತಮಾನದ ಆರಂಭದಲ್ಲಿ ವರ್ಮಾಂಟಿಗೆ ಮೆರಿನೋ ಕುರಿಯ ಹುಚ್ಚು ಹಿಡಿದಿತ್ತು. 1840ರ ಹೊತ್ತಿಗೆ ಅಲ್ಲಿದ್ದ ಕುರಿಗಳು ಸುಮಾರು 17 ಲಕ್ಷ. ಮೇವಿಗಾಗಿ ಗುಡ್ಡಗಳನ್ನೆಲ್ಲ ಬೋಳಿಸಿದರು. ಉಣ್ಣೆಯ ಬೆಲೆ ಬಿತ್ತು, ಪಶ್ಚಿಮದಲ್ಲಿ ಫಲವತ್ತಾದ ನೆಲ ಸಿಕ್ಕಿತು, ಜನ ಗಂಟುಮೂಟೆ ಕಟ್ಟಿದರು. ಅವರಲ್ಲಿ ಬಹುಪಾಲು ಜನ ಹಿಂತಿರುಗಲಿಲ್ಲ. ಅವರು ಬಿಟ್ಟ ಹುಲ್ಲುಗಾವಲಿನಲ್ಲಿ ಮತ್ತೆ ಮರ ಎದ್ದಿತು. ಇಂದು ರಾಜ್ಯದ ಸುಮಾರು ಮುಕ್ಕಾಲು ಭಾಗ ಕಾಡು. ಕಾಡಿನ ನೆಲದಲ್ಲಿ ತರಗೆಲೆ ಕೆದರಿ ಹುಳ ಹೆಕ್ಕುವ, ನೆಲದ ಮೇಲೆಯೇ ಗೂಡು ಕಟ್ಟುವ ಈ ಥ್ರಷ್‌ಗೆ ಅದೇ ಮನೆ. ಪ್ರತಿ ವಸಂತಕ್ಕೆ ತಪ್ಪದೆ ಮರಳುವುದು ಹಕ್ಕಿ. ಹೊರಗಿನದೆಂಬ ಆರೋಪವೂ ಅದರ ಮೇಲೆಯೇ.

ನೋಟಕ್ಕೆ ಅದು ಸಾಧಾರಣ: ಕಂದು ಬೆನ್ನು, ಚುಕ್ಕೆಯ ಎದೆ, ಕೆಂಪು ಛಾಯೆಯ ಬಾಲ. ಆ ಬಾಲವನ್ನು ಥಟ್ಟನೆ ಎತ್ತಿ ಮೆಲ್ಲಗೆ ಇಳಿಸುವುದು ಅದರ ಅಭ್ಯಾಸ. ಗೆದ್ದದ್ದು ಕಂಠದಿಂದ. ಮೊದಲು ಒಂದು ನೀಳ ಸ್ವರ, ತಂಬೂರಿಯ ಆಧಾರಶ್ರುತಿ ಹಿಡಿದಂತೆ. ಅದರ ಬೆನ್ನಿಗೆ ಸುಳಿಸುಳಿಯಾಗಿ ಏರುವ ಸ್ವರಗುಚ್ಛ. ಮುಂದಿನ ಬಾರಿ ಬೇರೊಂದು ಸ್ಥಾಯಿಯಿಂದ ಶುರು. ಹಕ್ಕಿಗಳ ಧ್ವನಿಪೆಟ್ಟಿಗೆಗೆ ಎರಡು ಕವಲು ಇರುವುದರಿಂದ ಎರಡು ಸ್ವರ ಒಟ್ಟಿಗೆ ಹೊಮ್ಮಬಲ್ಲವು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹಕ್ಕಿಯ ಹಾಡುಗಳನ್ನು ವಿಶ್ಲೇಷಿಸಿ, ಹೆಚ್ಚಿನವುಗಳ ಸ್ವರಗಳು ಸಂಗೀತದ ನೈಸರ್ಗಿಕ ಅನುಸ್ವರ ಶ್ರೇಣಿಗೆ ಹೊಂದುತ್ತವೆ ಎಂದು ತೋರಿಸಿತು. ವಿಜ್ಞಾನಕ್ಕಿಂತ ಮೊದಲೇ ಕವಿಗಳು ಕಿವಿಗೊಟ್ಟಿದ್ದರು. 1865ರಲ್ಲಿ ಲಿಂಕನ್ ಹತ್ಯೆಯಾದಾಗ ವಾಲ್ಟ್ ವಿಟ್ಮನ್ ಬರೆದ ಶೋಕಗೀತೆಯಲ್ಲಿ ಹಾಡುವುದು ಇದೇ. ಅದರ ಬಗ್ಗೆ ವಿಟ್ಮನ್‌ಗೆ ತಿಳಿಸಿದವರು ನಿಸರ್ಗ ಲೇಖಕ ಜಾನ್ ಬರೋಸ್.

ಕೊನೆಗೆ ಶಾಸಕರನ್ನು ಒಪ್ಪಿಸಿದ್ದು ಎರಡು ಕಾರಣ: ಈ ಇಂಪು, ಮತ್ತು ರಾಜ್ಯದ 14 ಕೌಂಟಿಗಳಲ್ಲೂ ಹಕ್ಕಿ ಸಿಗುತ್ತದೆ ಎಂಬುದು. ಎರಡನೆಯದು ಅಪ್ಪಟ ರಾಜಕಾರಣಿಯ ಲೆಕ್ಕ. ಯಾವ ಕ್ಷೇತ್ರದವರೂ ಮುನಿಸಿಕೊಳ್ಳುವಂತಿಲ್ಲ. 1941ರ ಜೂನ್ 1ರಿಂದ ಹರ್ಮಿಟ್ ಥ್ರಷ್ ವರ್ಮಾಂಟಿನ ಅಧಿಕೃತ ಪಕ್ಷಿ. ಕಂಠವನ್ನು ಕಾರಣವೆಂದು ಒಪ್ಪಿದ್ದಕ್ಕೆ ನನಗೆ ಆ ಸಭೆಯ ಮೇಲೆ ಸ್ವಲ್ಪ ಗೌರವವಿದೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಣ್ಣಿಗೆ ಹಬ್ಬ, ನಿಜ. ಆದರೆ ಅದರ ಕರ್ಕಶ ಕೂಗಿಗೆ ಯಾರೂ ಮತ ಹಾಕಲಾರರು.

2014ರಲ್ಲಿ ಪಕ್ಷಿ ಸಂರಕ್ಷಣಾ ಸಂಸ್ಥೆ ಆಡುಬಾನ್ ಸೊಸೈಟಿಯ ಹವಾಮಾನ ವರದಿ ಹೊಸ ತಕರಾರು ತಂದಿತು. ಭೂಮಿ ಬಿಸಿಯಾದಂತೆ ಈ ಹಕ್ಕಿಯ ಬೇಸಿಗೆಯ ನೆಲೆ ಉತ್ತರಕ್ಕೆ ಸರಿಯುತ್ತದೆ, ವರ್ಮಾಂಟ್ ಅದನ್ನು ಕಳೆದುಕೊಳ್ಳಬಹುದು ಎಂಬುದು ಅದರ ಎಚ್ಚರಿಕೆ. ಚಳಿಗಾಲಕ್ಕೆ ಹೋಗುತ್ತದೆಂದು ಜಗಳವಾಡಿದ ರಾಜ್ಯಕ್ಕೆ ಈಗ ಬೇಸಿಗೆಗೂ ಬರುತ್ತದೋ ಇಲ್ಲವೋ ಎಂಬ ಚಿಂತೆ. ಗಡಿಯ ಆಚೆಗಿರುವುದು ಕೆನಡಾದ ಕ್ವಿಬೆಕ್, ಟಿ.ಎಸ್. ಎಲಿಯಟ್ ‘ದಿ ವೇಸ್ಟ್ ಲ್ಯಾಂಡ್’ ಕವನಕ್ಕೆ ಬರೆದ ಟಿಪ್ಪಣಿಯಲ್ಲಿ ತಾನು ಹರ್ಮಿಟ್ ಥ್ರಷ್ ಹಾಡು ಕೇಳಿದ್ದು ಅಲ್ಲೇ ಎಂದಿದ್ದಾನೆ.