ನೇತಾಜಿಯವರ ಕೊನೆಯ ಪ್ರಯಾಣವೂ ಲೋಕದ ಊಹಾಪೋಹವೂ

ಪ್ರತಿವರ್ಷ ಜನವರಿ ೨೩ನೆಯ ತಾರೀಖು ಬಂದಿತೆಂದರೆ ಶ್ರೀ ಸುಭಾಷಚಂದ್ರ ಬೋಸರ ಭಾವಚಿತ್ರಕ್ಕೆ ಹೂಮಾಲೆ ಬೀಳುತ್ತದೆ. ಮಾಲೆಯು ಬಾಡುವ ಮೊದಲೇ ಹಳೆಯ ಪ್ರಶ್ನೆಯೂ ತಲೆಯೆತ್ತುತ್ತದೆ. ಸೇಡಂ ಚಿತ್ತಾಪುರಗಳ ಕಟ್ಟೆಗಳ ಮೇಲಾಗಲಿ, ಆದಿತ್ಯನಗರದ ಸಿಮೆಂಟು ಕಾರ್ಖಾನೆಯ ವಸತಿಗಳಲ್ಲಾಗಲಿ, ವಾಡಿ ಜಂಕ್ಷನ್ನಿನಲ್ಲಿ ಗಾಡಿಯ ಹಾದಿ ಕಾಯುವವರ ನಡುವೆಯಾಗಲಿ, ಈ ಮಾತಿಗೆ ಒಮ್ಮೆ ಬಾಯಿ ತೆರೆದರೆ ಸಾಕು, ವಾದವು ತಾನಾಗಿಯೇ ಬೆಳೆಯುತ್ತದೆ. ವಿಮಾನವು ಬಿದ್ದದ್ದೇ ಸುಳ್ಳೆಂದು ಒಬ್ಬರು. ರಶಿಯದ ಸೆರೆಮನೆಯಲ್ಲಿ ಕೊನೆಯುಸಿರೆಳೆದರೆಂದು ಇನ್ನೊಬ್ಬರು. ಫೈಜಾಬಾದಿನಲ್ಲಿ ಮುಖ ತೋರಿಸದೆ ಬಾಳಿದ ಸಾಧುವೇ ಅವರೆಂದು ಮೂರನೆಯವರು. ನಾಲ್ಕನೆಯವರು ಸುಮ್ಮನೆ ನಕ್ಕು, ಸರಕಾರಕ್ಕೆ ಎಲ್ಲವೂ ಗೊತ್ತಿದೆಯೆಂದು ಹೇಳಿ ಗಾಡಿ ಹತ್ತುವರು.

ಹೀಗೆ ಮಾತಾಡುವ ಜನರನ್ನು ಮೂಢರೆಂದು ಹಳಿಯುವುದು ಸುಲಭ. ಅದಕ್ಕೆ ನಾವು ಸಿದ್ಧರಿಲ್ಲ. ಈ ಸಂದೇಹವು ಹುಟ್ಟಿದ ಕಾಲದಲ್ಲಿ ಅದಕ್ಕೆ ಬಲವಾದ ಕಾರಣಗಳಿದ್ದವು.

೧೯೪೧ನೆಯ ಇಸವಿಯ ಜನವರಿ ೧೬ರ ನಡುರಾತ್ರಿ ಮೀರಿದ ಮೇಲೆ ಸುಭಾಷಬಾಬುಗಳು ಕಲಕತ್ತೆಯ ಎಲ್ಗಿನ್ ರಸ್ತೆಯ ತಮ್ಮ ಮನೆಯಿಂದ ಕಾಣೆಯಾದರು. ಹೊರಗೆ ಗುಪ್ತ ಪೋಲೀಸರ ಕಾವಲಿತ್ತು. ಒಳಗೆ ಅವರು ಗಡ್ಡ ಬಿಟ್ಟು, ಪರದೆಯ ಹಿಂದೆ ಕುಳಿತು, ಏಕಾಂತವ್ರತದಲ್ಲಿದ್ದಾರೆಂದು ಸುದ್ದಿ ಹಬ್ಬಿಸಲಾಗಿತ್ತು. ಹತ್ತು ದಿನಗಳ ತರುವಾಯ ಅವರು ಮನೆಯಲ್ಲಿಲ್ಲವೆಂಬುದು ಪ್ರಕಟವಾದಾಗ, ಅವರು ಸಂನ್ಯಾಸ ಸ್ವೀಕರಿಸಿ ಹೊರಟುಹೋದರೆಂದೇ ದೇಶದಲ್ಲಿ ಅನೇಕರು ತಿಳಿದರು. ಈ ಊಹೆ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ೧೯೧೪ರಲ್ಲಿ, ವಿದ್ಯಾರ್ಥಿದೆಸೆಯಲ್ಲಿಯೇ, ಗುರುವನ್ನು ಅರಸುತ್ತ ಅವರು ಮನೆಯವರಿಗೆ ಹೇಳದೆ ತೀರ್ಥಕ್ಷೇತ್ರಗಳನ್ನು ಅಲೆದು ಬಂದಿದ್ದರು. ಸಾಲದುದಕ್ಕೆ, ಗಾಂಧೀಜಿಯವರು ತಂತಿಯ ಮೂಲಕ ವಿಚಾರಿಸಿದಾಗ ಅಣ್ಣ ಶರಚ್ಚಂದ್ರರು ಕೊಟ್ಟ ಉತ್ತರದಲ್ಲಿಯೂ ವೈರಾಗ್ಯದ ಸೂಚನೆಯೇ ಇತ್ತು. ನಿಜ ಸಂಗತಿಯನ್ನು ಬಲ್ಲವರು ಅವರು! ವಿಮಾ ಕಂಪನಿಯ ನೌಕರನಾದ ಮಹಮ್ಮದ ಜಿಯಾಉದ್ದೀನನೆಂಬ ವೇಷದಲ್ಲಿ ತಮ್ಮನು ಗೋಮೋ ನಿಲ್ದಾಣದಲ್ಲಿ ರೈಲು ಹತ್ತಿ, ಪೇಶಾವರ, ಕಾಬೂಲಗಳನ್ನು ದಾಟಿ, ಏಪ್ರಿಲ್ ತಿಂಗಳ ಆರಂಭದಲ್ಲಿ ಬರ್ಲಿನ್ನಿಗೆ ಮುಟ್ಟಿದ್ದನು. ೧೯೪೨ರ ಫೆಬ್ರುವರಿಯಲ್ಲಿ, ಸಿಂಗಾಪುರವು ಬ್ರಿಟಿಷರ ಕೈಬಿಟ್ಟ ಕೆಲವೇ ದಿನಗಳಲ್ಲಿ, ಸಂನ್ಯಾಸಿಯೆಂದು ಭಾವಿಸಲ್ಪಟ್ಟವರ ಧ್ವನಿಯು ಆಕಾಶವಾಣಿಯಲ್ಲಿ ಮೊಳಗಿತು.

ಅದಾದ ಮರುತಿಂಗಳೇ ಮತ್ತೊಂದು ವಿಚಿತ್ರವು ನಡೆಯಿತು. ೧೯೪೨ರ ಮಾರ್ಚಿನಲ್ಲಿ ಸುಭಾಷರು ಜಪಾನಿನತ್ತ ಹೋಗುತ್ತಿರುವಾಗ ವಿಮಾನಾಪಘಾತದಲ್ಲಿ ಮಡಿದರೆಂದು ಬ್ರಿಟಿಷ್ ವಾರ್ತಾಸಂಸ್ಥೆಯು ಜಗತ್ತಿಗೆ ಸಾರಿತು. ಗಾಂಧೀಜಿಯವರು ವೃದ್ಧ ಮಾತೆಯವರಿಗೆ ದುಃಖಸೂಚಕ ತಂತಿಯನ್ನು ಕಳುಹಿಸಿದರು. ಸುದ್ದಿ ಸುಳ್ಳೆಂದು ತಿಳಿದೊಡನೆ ಸಂತೋಷದ ತಂತಿಯನ್ನೂ ಕಳುಹಿಸಬೇಕಾಯಿತು. ಸ್ವತಃ ಸುಭಾಷರೇ ಬಾನುಲಿಯಲ್ಲಿ ಮಾತನಾಡಿ ತಾವು ಜೀವಂತರೆಂದು ತೋರಿಸಿಕೊಟ್ಟರು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಮ್ಮೆ ಕಾಣೆಯಾಗಿ ಮರಳಿ ಕೇಳಿಸಿದವರು, ಒಮ್ಮೆ ಸತ್ತು ಮರಳಿ ನುಡಿದವರು ಅವರು. ಆ ಮೇಲೆ ೧೯೪೩ರಲ್ಲಿ ಜಲಾಂತರ್ಗಾಮಿಯಲ್ಲಿ ತಿಂಗಳುಗಟ್ಟಲೆ ಸಮುದ್ರದ ಕೆಳಗೆ ಸಂಚರಿಸಿ ಏಶಿಯದಲ್ಲಿ ಪ್ರಕಟವಾಗಿ, ಅಕ್ಟೋಬರ ೨೧ರಂದು ಸಿಂಗಾಪುರದಲ್ಲಿ ಸ್ವತಂತ್ರ ಭಾರತದ ತಾತ್ಕಾಲಿಕ ಸರಕಾರವನ್ನು ಘೋಷಿಸಿದವರು. ಅಂಥವರು ೧೯೪೫ರ ಆಗಸ್ಟ್ ೧೮ರಂದು ಫಾರ್ಮೋಸಾ ದ್ವೀಪದ ತೈಹೋಕುವಿನಲ್ಲಿ ವಿಮಾನಾಪಘಾತಕ್ಕೆ ಸಿಕ್ಕಿ ತೀರಿಕೊಂಡರೆಂದು, ಐದು ದಿನಗಳು ಕಳೆದ ಮೇಲೆ, ಸೋತು ಶರಣಾದ ಜಪಾನಿನ ಬಾನುಲಿಯು ಹೇಳಿದರೆ ಜನರು ಹೇಗೆ ನಂಬಿಯಾರು? ವೈಸರಾಯ್ ವೇವೆಲ್ ಸಾಹೇಬರೇ ತಮ್ಮ ದಿನಚರಿಯಲ್ಲಿ ಸಂದೇಹವನ್ನು ಬರೆದಿಟ್ಟುಕೊಂಡರು. ಗಾಂಧೀಜಿಯವರೂ ಆರಂಭದಲ್ಲಿ ನಂಬಲಿಲ್ಲ. ಆದರೆ ೧೯೪೬ರಲ್ಲಿ ‘ಹರಿಜನ’ದಲ್ಲಿ, ತಮ್ಮ ಮಾತಿಗೆ ಅಂತಃಕರಣದ ಭಾವನೆಯ ಹೊರತು ಬೇರೆ ಪುರಾವೆಯಿಲ್ಲವೆಂದು ಒಪ್ಪಿಕೊಂಡು, ಅದನ್ನು ನೆಚ್ಚಬಾರದೆಂದು ಜನರಿಗೆ ತಿಳಿಸಿದರು. ಭಾವನೆಯನ್ನೂ ಪುರಾವೆಯನ್ನೂ ಬೇರ್ಪಡಿಸುವ ಈ ಪ್ರಾಮಾಣಿಕತೆಯು ಆಮೇಲೆ ಬಂದವರಲ್ಲಿ ವಿರಳವಾಯಿತು.

ನಮ್ಮ ಭಾಗದವರಿಗೆ ಇಂಥ ಸಂದೇಹಬುದ್ಧಿಯು ಹೊಸದಲ್ಲ. ೧೯೪೮ರ ಸಪ್ಟಂಬರದವರೆಗೆ ಈ ತಾಲೂಕುಗಳೆಲ್ಲ ನಿಜಾಮರ ಆಳಿಕೆಯಲ್ಲಿದ್ದವು. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯಬುಲ್ಲಾಖಾನರು ನಿರ್ಭಯವಾಗಿ ಬರೆದ ತಪ್ಪಿಗೆ ಆ ವರ್ಷದ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಬರೆಯುವವನ ಪ್ರಾಣಕ್ಕೇ ಭರವಸೆಯಿಲ್ಲದ ನಾಡಿನಲ್ಲಿ ಕಿವಿಯಿಂದ ಕಿವಿಗೆ ಹೋಗುವ ಮಾತಲ್ಲದೆ ಜನರಿಗೆ ಬೇರೆ ಯಾವ ವಾರ್ತಾಪತ್ರವಿದ್ದೀತು? ಪೋಲೀಸು ಕಾರ್ಯಾಚರಣೆಯ ಅನಂತರ ಗೃಹಬಂಧನದಲ್ಲಿರಿಸಿದ್ದ ನಿಜಾಮರ ಪ್ರಧಾನಿ ಮೀರ್ ಲಾಯಕ್ ಅಲಿಯವರು ೧೯೫೦ರ ಮಾರ್ಚಿನಲ್ಲಿ ಕಾವಲುಗಾರರ ಕಣ್ಣಿಗೆ ಮಣ್ಣೆರಚಿ ಮಾಯವಾಗಿ, ಕೊನೆಗೆ ಕರಾಚಿಯಲ್ಲಿ ಕಾಣಿಸಿಕೊಂಡರು. ದೊಡ್ಡ ಮನುಷ್ಯರು ಕಾವಲಿನಿಂದ ಕಾಣೆಯಾಗಬಲ್ಲರು, ಸರಕಾರಗಳು ಮೋಸಹೋಗಬಲ್ಲವು ಎಂಬುದನ್ನು ಹೀಗೆ ನಮ್ಮವರು ಸ್ವಂತ ಅನುಭವದಿಂದಲೇ ಬಲ್ಲರು.

ಕನ್ನಡನಾಡಿನ ಇನ್ನೊಂದು ಅಂಚಿನಲ್ಲಿ ನಡೆದುದನ್ನೂ ಇಲ್ಲಿ ನೆನೆಯಬಹುದು. ೧೮೩೪ರಲ್ಲಿ ಕೊಡಗನ್ನು ಕಂಪನಿ ಸರಕಾರವು ನುಂಗಿದ ಮೇಲೆ, ಹಾಲೇರಿ ರಾಜವಂಶದವನು ಇನ್ನೂ ಬದುಕಿದ್ದಾನೆಂಬ ನಂಬುಗೆಯು ಜನರಲ್ಲಿ ಉಳಿಯಿತು. ಕಲ್ಯಾಣಸ್ವಾಮಿಯೆಂಬ ಹೆಸರಿನವನೊಬ್ಬನು ಸೆರೆಯಾದ ಬಳಿಕ ಪುಟ್ಟಬಸಪ್ಪನು ತಾನೇ ಕಲ್ಯಾಣಸ್ವಾಮಿಯೆಂದು ಎದ್ದು ನಿಂತನು. ಜನರು ಅವನ ಬೆನ್ನಿಗೆ ನಿಂತರು. ೧೮೩೭ರ ಏಪ್ರಿಲಿನಲ್ಲಿ ಮಂಗಳೂರೇ ಕೆಲದಿನಗಳ ಮಟ್ಟಿಗೆ ಅವರ ವಶವಾಯಿತು. ಪರಾಧೀನರಾದ ಜನರಿಗೆ ಕಾಣೆಯಾದ ನಾಯಕನು ಬದುಕಿದ್ದಾನೆಂಬ ನಂಬುಗೆಯು ಒಂದು ಆಯುಧವಾಗಿತ್ತು. ಆದರೆ ಸ್ವತಂತ್ರರಾದ ಪ್ರಜೆಗಳ ಕೈಯಲ್ಲಿ ವಿಚಾರಣೆ, ದಾಖಲೆ, ನ್ಯಾಯಾಲಯಗಳೆಂಬ ಬೇರೆ ಆಯುಧಗಳಿರುತ್ತವೆ. ಅವನ್ನು ನಮ್ಮ ಸರಕಾರಗಳು ಹೇಗೆ ಬಳಸಿದವೆಂಬುದೇ ಈ ಪ್ರಕರಣದ ಖೇದಕರವಾದ ಭಾಗ.

೧೯೫೬ರಲ್ಲಿ ಶಾಹನವಾಜ್ ಖಾನರ ಸಮಿತಿಯು ವಿಮಾನಾಪಘಾತವನ್ನು ಒಪ್ಪಿತು. ಅದೇ ಸಮಿತಿಯ ಸದಸ್ಯರೂ ನೇತಾಜಿಯವರ ಅಣ್ಣಂದಿರೂ ಆದ ಸುರೇಶಚಂದ್ರ ಬೋಸರು ಒಪ್ಪಲಿಲ್ಲ. ಅಪಘಾತವಾದ ದ್ವೀಪಕ್ಕೆ ಸಮಿತಿಯು ಕಾಲಿಡಲೇ ಇಲ್ಲವೆಂಬುದು ಅದರ ದೊಡ್ಡ ನ್ಯೂನತೆ. ೧೯೭೦ರಲ್ಲಿ ನೇಮಕವಾದ ಖೋಸ್ಲಾ ಆಯೋಗವು ಅಲ್ಲಿಗೆ ಹೋಗಿ ಬಂದು ೧೯೭೪ರಲ್ಲಿ ಅದೇ ತೀರ್ಮಾನವನ್ನು ಕೊಟ್ಟಿತು. ೧೯೭೮ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಲೋಕಸಭೆಯಲ್ಲಿ ಆ ಎರಡೂ ತೀರ್ಮಾನಗಳನ್ನು ನಿರ್ಣಾಯಕವೆನ್ನಲಾಗದೆಂದರು. ೧೯೯೨ರಲ್ಲಿ ಭಾರತರತ್ನವನ್ನು ‘ಮರಣೋತ್ತರ’ವಾಗಿ ಘೋಷಿಸಿ, ಆ ಒಂದು ಶಬ್ದದ ದೆಸೆಯಿಂದ ಸುಪ್ರೀಮ್ ಕೋರ್ಟಿನ ಮೆಟ್ಟಲು ಹತ್ತಬೇಕಾಗಿ ಬಂದು, ೧೯೯೭ರಲ್ಲಿ ಆ ಪ್ರಕಟಣೆಯೇ ರದ್ದಾಯಿತು. ೧೯೯೯ರಲ್ಲಿ ನೇಮಕವಾದ ನ್ಯಾಯಮೂರ್ತಿ ಮುಖರ್ಜಿಯವರ ಆಯೋಗವು ೨೦೦೫ರಲ್ಲಿ, ನೇತಾಜಿ ಗತಿಸಿದ್ದಾರೆ, ಆದರೆ ವಿಮಾನಾಪಘಾತದಲ್ಲಿ ಅಲ್ಲ, ಟೋಕಿಯೋದ ರೆಂಕೋಜಿ ಮಂದಿರದಲ್ಲಿರುವ ಭಸ್ಮವು ಅವರದಲ್ಲ ಎಂದಿತು. ಮರುವರ್ಷ ಸರಕಾರವು ಆ ವರದಿಯನ್ನು ತಿರಸ್ಕರಿಸಿತು. ಇದೆಲ್ಲದರ ನಡುವೆ ಕಾಗದಪತ್ರಗಳು ದಶಕಗಳ ಕಾಲ ಬೀಗದೊಳಗೇ ಇದ್ದವು. ೨೦೧೫ರಲ್ಲಿ ಬಂಗಾಲ ಸರಕಾರವೂ ೨೦೧೬ರಲ್ಲಿ ಕೇಂದ್ರ ಸರಕಾರವೂ ಅವನ್ನು ಬಿಚ್ಚತೊಡಗಿದಾಗ ಕಂಡುದೇನು? ಸ್ವಾತಂತ್ರ್ಯಾನಂತರವೂ ಸುಮಾರು ಇಪ್ಪತ್ತು ವರ್ಷಗಳವರೆಗೆ ಗುಪ್ತ ಪೋಲೀಸರು ಬೋಸ್ ಮನೆತನದವರ ಪತ್ರಗಳನ್ನು ಒಡೆದು ಓದುತ್ತಿದ್ದರೆಂಬ ಸಂಗತಿ! ಸತ್ತವನ ಮನೆಯನ್ನು ಕಾಯುವ ಸರಕಾರವನ್ನು ಕಂಡು ಜನರು ಅನುಮಾನಿಸಿದರೆ ತಪ್ಪು ಯಾರದು? ಅಧಿಕಾರಿವರ್ಗದ ನಮ್ಮ ವಾಚಕರು ಇದನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಂತಿ.

ಹಾಗೆಂದು ಊಹೆಗಳಿಗೆಲ್ಲ ನಾವು ತಲೆಬಾಗಲಾರೆವು. ೧೯೬೦ರ ದಶಕದಲ್ಲಿ ಉತ್ತರ ಬಂಗಾಲದ ಶೌಲಮಾರಿ ಆಶ್ರಮದ ಸಾಧುವನ್ನು ನೇತಾಜಿಯೆಂದು ಸಾರಿದರು. ಆ ಸಾಧುವೇ ಅಲ್ಲಗಳೆದರೂ ಕೇಳುವವರಿರಲಿಲ್ಲ. ೧೯೮೫ರ ಸಪ್ಟಂಬರದಲ್ಲಿ ಫೈಜಾಬಾದಿನಲ್ಲಿ ತೀರಿಕೊಂಡ ಗುಮನಾಮಿ ಬಾಬಾ ಎಂಬವರ ಸಾಮಾನುಗಳಲ್ಲಿ ಬೋಸ್ ಮನೆತನದ ಭಾವಚಿತ್ರಗಳೂ ಪುಸ್ತಕಗಳೂ ದೊರೆತವು. ಆ ಸಂಗತಿ ಕುತೂಹಲಕರವೇ ಸರಿ. ಆದರೆ ಅವರದೆನ್ನಲಾದ ಹಲ್ಲುಗಳ ಡಿ.ಎನ್.ಎ. ಪರೀಕ್ಷೆಯು ಮನೆತನದೊಡನೆ ಹೊಂದಲಿಲ್ಲ. ಉತ್ತರಪ್ರದೇಶ ಸರಕಾರವು ನೇಮಿಸಿದ ವಿಷ್ಣು ಸಹಾಯ್ ಆಯೋಗವೂ ೨೦೧೯ರಲ್ಲಿ ಹೊರಬಿದ್ದ ತನ್ನ ವರದಿಯಲ್ಲಿ ಅವರನ್ನು ನೇತಾಜಿಯ ಅನುಯಾಯಿಯೆಂದಿತೇ ಹೊರತು ನೇತಾಜಿಯೆನ್ನಲಿಲ್ಲ. ಈ ಕಥೆಯಲ್ಲಿ ನಮ್ಮನ್ನು ನೋಯಿಸುವ ಮಾತು ಬೇರೆ. ಸೈನ್ಯ ಕಟ್ಟಿ ಸಾಮ್ರಾಜ್ಯದೆದುರು ನಿಂತ ಪುರುಷನು, ದೇಶವು ಸ್ವತಂತ್ರವಾದ ಮೇಲೆ, ವಿಭಜನೆಯ ರಕ್ತಪಾತವನ್ನೂ ಕಂಡು, ಮೂವತ್ತೆಂಟು ವರ್ಷ ಪರದೆಯ ಹಿಂದೆ ಬಾಯಿ ಮುಚ್ಚಿ ಕುಳಿತಿದ್ದನೆಂದು ನಂಬುವುದು ಅವನಿಗೆ ಯಾವ ಬಗೆಯ ಗೌರವ?

ಪುರಾವೆಗಳನ್ನು ತೂಗಿ ನೋಡಿದರೆ ತಕ್ಕಡಿಯು ತೈಹೋಕುವಿನ ಕಡೆಗೇ ಬಾಗುತ್ತದೆಂದು ನಮ್ಮ ಅಭಿಪ್ರಾಯ. ಅದೇ ವಿಮಾನದಲ್ಲಿದ್ದು ಬದುಕಿ ಉಳಿದ ಕರ್ನಲ್ ಹಬೀಬುರ್ ರಹಮಾನರ ಸಾಕ್ಷ್ಯವಿದೆ. ಸೈನಿಕ ಆಸ್ಪತ್ರೆಯಲ್ಲಿ ಉಪಚರಿಸಿದ ಜಪಾನೀ ವೈದ್ಯರ ಹೇಳಿಕೆಯಿದೆ. ೧೯೫೬ರ ಜನವರಿಯಲ್ಲಿ ಜಪಾನ್ ಸರಕಾರವು ಸಿದ್ಧಪಡಿಸಿ, ಅರುವತ್ತು ವರ್ಷ ಗುಪ್ತವಾಗಿಟ್ಟು, ೨೦೧೬ರಲ್ಲಿ ಬೆಳಕಿಗೆ ಬಂದ ವರದಿಯೂ ಅದನ್ನೇ ಹೇಳುತ್ತದೆ. ಅಂದು ಅಲ್ಲಿ ವಿಮಾನವೇ ಬಿದ್ದ ದಾಖಲೆಯಿಲ್ಲವೆಂದು ತೈವಾನ್ ಸರಕಾರವು ಮುಖರ್ಜಿ ಆಯೋಗಕ್ಕೆ ಉತ್ತರಿಸಿದ್ದು ನಿಜ. ಆದರೆ ಆ ದಿನ ದ್ವೀಪವು ಜಪಾನೀಯರ ಕೈಯಲ್ಲಿತ್ತು. ಚೀನೀ ಆಡಳಿತವು ಅದನ್ನು ವಹಿಸಿಕೊಂಡದ್ದು ೧೯೪೫ರ ಅಕ್ಟೋಬರ ೨೫ರಂದು. ತಾನು ಇಲ್ಲದ ದಿನದ ಲೆಕ್ಕವನ್ನು ಹೊಸ ಯಜಮಾನನು ಎಲ್ಲಿಂದ ಕೊಟ್ಟಾನು? ದಹನದ ಕಾಗದಗಳಲ್ಲಿ ಒಬ್ಬ ಜಪಾನೀ ಸಿಪಾಯಿಯ ಹೆಸರಿದೆಯೆಂಬ ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ಅದಕ್ಕೆ ಪೂರ್ಣ ಸಮಾಧಾನವು ಕಾಗದದಿಂದ ದೊರೆಯಲಾರದು.

ನಮ್ಮ ಸೇಡಂ, ಚಿಂಚೋಳಿಗಳಿಂದ ಕೂಲಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೋಗುವವರು ಬಹಳ. ಹೋದವನ ಸುದ್ದಿಯು ನಿಂತುಹೋದರೆ ಮನೆಯಾಕೆಯು ಕುಂಕುಮವಿಡುವುದೋ ಬಿಡುವುದೋ ತಿಳಿಯದೆ ವರ್ಷಗಳನ್ನು ಕಳೆಯುತ್ತಾಳೆ. ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆನ್ನುವವರೇ ಅದನ್ನು ರುಜುವಾತುಪಡಿಸಬೇಕೆಂದು ೧೮೭೨ರ ಸಾಕ್ಷ್ಯದ ಕಾಯಿದೆಯಲ್ಲಿದ್ದ ನಿಯಮವು ೨೦೨೩ರ ಹೊಸ ಕಾಯಿದೆಯಲ್ಲಿಯೂ ಉಳಿದಿದೆ. ಬಡ ಕೂಲಿಕಾರನ ಮನೆಗೆ ದೊರೆಯುವ ಇಷ್ಟು ನಿಲುಗಡೆಯೂ ನೇತಾಜಿಯವರ ಮಗಳಿಗೆ ದೊರೆಯಲಿಲ್ಲ. ೧೯೪೨ರ ನವಂಬರದಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಅನಿತಾ ಬೋಸ್ ಫಾಫ್ ಅವರು ತಂದೆಯನ್ನು ಕಂಡು ಬೆಳೆದವರಲ್ಲ. ಭಸ್ಮವನ್ನು ಭಾರತಕ್ಕೆ ತರಬೇಕೆಂದೂ, ಸಂದೇಹವುಳ್ಳವರಿಗಾಗಿ ಡಿ.ಎನ್.ಎ. ಪರೀಕ್ಷೆಯನ್ನು ಮಾಡಿಸಬೇಕೆಂದೂ ೨೦೨೨ರ ಆಗಸ್ಟಿನಲ್ಲಿ ಅವರು ಬಹಿರಂಗವಾಗಿ ಕೇಳಿಕೊಂಡರು.

೧೯೪೫ರ ಸಪ್ಟಂಬರದಿಂದ ರೆಂಕೋಜಿಯ ಅರ್ಚಕರು ಆ ಕರಂಡವನ್ನು ಭಕ್ತಿಯಿಂದ ಕಾಯುತ್ತ ಬಂದಿದ್ದಾರೆ. ಸುಟ್ಟ ಎಲುಬಿನಿಂದ ಪರೀಕ್ಷೆಯು ಫಲಿಸುವುದೆಂಬ ಖಾತರಿಯೇನೂ ಇಲ್ಲ. ಪ್ರಯತ್ನಿಸದೆ ಅದನ್ನು ಹೇಳುವಂತಿಲ್ಲ. ಕೇಂದ್ರ ಸರಕಾರವು ಜಪಾನ್ ಸರಕಾರಕ್ಕೂ ಮಂದಿರದವರಿಗೂ ಬರೆದು, ಪರೀಕ್ಷೆಯ ವಿಧಾನವನ್ನು ಮೊದಲೇ ಪ್ರಕಟಿಸಿ, ಫಲಿತಾಂಶವು ಏನೇ ಬರಲಿ ಅದನ್ನು ಇದ್ದಂತೆಯೇ ಜನರ ಮುಂದಿಡಬೇಕು. ಹೋಲಿಕೆಗೆ ಬೇಕಾದ ರಕ್ತವನ್ನು ಕೊಡಬಲ್ಲ ನೇರ ಸಂತತಿಯೆಂದರೆ ಆ ಮಗಳು. ಅವರಿಗೆ ೨೦೨೨ರಲ್ಲಿಯೇ ಎಂಬತ್ತು ತುಂಬಿತು.